ಆಣೆ ಇಡಲೊಪ್ಪದ ಅಭ್ಯರ್ಥಿ

ಚುನಾವಣಾ ಶಾಖೆಗೆ ಹೊಸದಾಗಿ ಸೇರಿದವರು ಮೊದಲು ಗೋಡೆಯ ಗಡಿಯಾರ ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. ನಾಮಪತ್ರದ ದಿನಗಳಲ್ಲಿ ಹನ್ನೊಂದಕ್ಕೆ ಬಾಗಿಲು ತೆರೆಯುತ್ತದೆ, ಮೂರಕ್ಕೆ ಮುಚ್ಚುತ್ತದೆ. ಮೂರರೊಳಗೆ ಒಳಗೆ ಬಂದವರಿಗೆ ಚೀಟಿ ಕೊಟ್ಟು ಕೂರಿಸಬೇಕು. ಮೂರು ಗಂಟೆ ಒಂದು ನಿಮಿಷಕ್ಕೆ ಬಂದವರು ಯಾರೇ ಆಗಿರಲಿ, ಹೊರಗೆ. ಈ ಒಂದು ನಿಯಮ ಪಾಲಿಸಲು ನನಗೆ ಯಾವತ್ತೂ ಕಷ್ಟವಾಗಲಿಲ್ಲ. ಕುಶಾಲನಗರದ ಹತ್ತಿರದ ಕೃಷಿಕರ ಮನೆಯಿಂದ ನನ್ನನ್ನು ಹತ್ತನೇ ವಯಸ್ಸಿಗೇ ಹಾಸ್ಟೆಲಿಗೆ ಹಾಕಿದ್ದರು. ಅಲ್ಲಿ ಐದಕ್ಕೆ ಗಂಟೆ, ಐದೂವರೆಗೆ ಸ್ನಾನ, ಆರಕ್ಕೆ ಪುಸ್ತಕ. ಜಡೆಯ ರಿಬ್ಬನ್ ಓರೆಯಾದರೆ ವಾರ್ಡನ್ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ಅದೇ ಶಿಸ್ತಿನಲ್ಲಿ ಕಂದಾಯ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು, ಕೊನೆಯ ವರ್ಷಗಳನ್ನು ಮಡಿಕೇರಿಯಲ್ಲಿ ಚುನಾವಣಾ ಶಿರಸ್ತೇದಾರಳಾಗಿ ಕಳೆದೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ನನ್ನ ಸೇವಾ ಪುಸ್ತಕದಲ್ಲಿದೆ, ಇಲ್ಲಿ ಬೇಡ. ಅದೇ ಶಿಸ್ತು ನನ್ನಿಂದ ಮಾಡಿಸಿದ ಒಂದು ತಪ್ಪನ್ನು ಬರೆಯುವುದು ಹೆಚ್ಚು ಉಪಯೋಗ.

ದೊಡ್ಡ ಪಕ್ಷದ ಅಭ್ಯರ್ಥಿ ನಾಮಪತ್ರ ಕೊಡಲು ಬರುವುದು ನಿಮಗೆಲ್ಲ ಗೊತ್ತು. ಡೋಲು, ಹಾರ, ಹೊರಗೆ ನೂರು ಮೀಟರಿನ ಗೆರೆಯ ಹತ್ತಿರ ಪೊಲೀಸರೊಂದಿಗೆ ಜಗಳ. ಅಭ್ಯರ್ಥಿಯ ಜೊತೆ ನಾಲ್ವರಿಗಷ್ಟೇ ಒಳಗೆ ಪ್ರವೇಶ. ಆ ನಾಲ್ವರಲ್ಲಿ ಒಬ್ಬರು ವಕೀಲರು ಇದ್ದೇ ಇರುತ್ತಾರೆ. ಕಾಗದಗಳೆಲ್ಲ ಫೈಲಿನಲ್ಲಿ ನೀಟಾಗಿ ಇರುತ್ತವೆ. ಚಿಕ್ಕ ಪಕ್ಷದವರು ಬಸ್ಸಿನಲ್ಲಿ ಬರುತ್ತಾರೆ. ಕಾಗದಗಳು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿರುತ್ತವೆ. ಮಾನ್ಯತೆ ಪಡೆದ ಪಕ್ಷಕ್ಕೆ ಒಬ್ಬ ಸೂಚಕ ಸಾಕು, ಅಂದರೆ ಇವರ ಹೆಸರನ್ನು ನಾನು ಸೂಚಿಸುತ್ತೇನೆ ಎಂದು ಸಹಿ ಹಾಕುವ ಒಬ್ಬ ಮತದಾರ. ಚಿಕ್ಕ ಪಕ್ಷಕ್ಕೆ ಅಂಥ ಹತ್ತು ಜನ ಬೇಕು. ಹತ್ತು ಸಹಿ, ಹತ್ತು ಭಾಗ ಸಂಖ್ಯೆ, ಹತ್ತು ಕ್ರಮ ಸಂಖ್ಯೆ. ಯಾರ ಹತ್ತಿರ ಜನ ಕಡಿಮೆಯೋ ಅವರಿಗೇ ಕೆಲಸ ಹೆಚ್ಚು.

ಆ ವರ್ಷ ವಿಧಾನಸಭಾ ಚುನಾವಣೆಗೆ ನಾಮಪತ್ರ ಸಲ್ಲಿಸಲು ಕೊನೆಯ ದಿನ ಸೋಮವಾರ. ಎರಡು ಗಂಟೆ ಕಳೆದ ಮೇಲೆ ಕುರಿಯನ್ ಬಂದರು. ಸೋಮವಾರಪೇಟೆಯ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಬಹಳ ವರ್ಷ ರೈಟರ್ ಆಗಿದ್ದು ನಿವೃತ್ತರಾದವರು. ಹಾಜರಿ ಪುಸ್ತಕ ಬರೆದು ಬರೆದು ಬೆನ್ನು ಬಾಗಿದ್ದರೂ ಬಿಳಿ ಷರಟಿನ ಕೊರಳಿನ ಗುಂಡಿಯನ್ನೂ ಬಿಡದೆ ಹಾಕಿದ್ದರು. ಅವರದು ಕ್ರೈಸ್ತರ ಒಂದು ಚಿಕ್ಕ, ಕಟ್ಟುನಿಟ್ಟಿನ ಪಕ್ಷ. ಹೆಸರು ಬರೆಯುವುದಿಲ್ಲ. ಜಿಲ್ಲೆಯ ದೊಡ್ಡ ಇಗರ್ಜಿಗಳ ಜನವೇ ಆ ಪಕ್ಷಕ್ಕೆ ಮತ ಹಾಕುತ್ತಿರಲಿಲ್ಲ. ಶೀಟು ಹೊದಿಸಿದ ಪ್ರಾರ್ಥನಾ ಮಂದಿರಗಳಲ್ಲಿ ಸೇರುವ ಕೆಲವು ಕುಟುಂಬಗಳೇ ಅದರ ಬಲ. ಅವರ ಕರಪತ್ರ ನಮ್ಮ ಶಾಖೆಗೂ ಒಂದು ಬಂದಿತ್ತು. ಎಸ್ಟೇಟು ಲೈನುಗಳ, ಅಂದರೆ ಕೂಲಿಕಾರರ ಸಾಲುಮನೆಗಳ ಬಳಿ ಬ್ರಾಂದಿ ಅಂಗಡಿ ಬೇಡ. ಭಾನುವಾರ ಸರ್ಕಾರಿ ಪರೀಕ್ಷೆ, ತರಬೇತಿ ಬೇಡ. ಮೊಬೈಲಿನ ಜೂಜು ಬೇಡ. ಮದುವೆಯಲ್ಲಿ ವರದಕ್ಷಿಣೆ ಬೇಡ. ಐದನೆಯದು, ಮನೆಯಲ್ಲೂ ನಾಡಿನಲ್ಲೂ ಮುಂದಾಳುತನ ಗಂಡಸಿನದು. ಅದನ್ನು ಓದಿದಾಗ ನನ್ನ ಮೇಜಿನ ಮೇಲಿದ್ದ ಎರಡು ತಾಲ್ಲೂಕುಗಳ ಮತಪಟ್ಟಿಯನ್ನು ನೋಡಿ ನಕ್ಕಿದ್ದೆ. ಅದನ್ನು ತಿದ್ದಿ ಸಿದ್ಧಮಾಡಿದವಳು ನಾನು.

ಅವರ ಜೊತೆ ಬಂದವರು ಒಬ್ಬರೇ. ಅದೇ ಎಸ್ಟೇಟಿನ ಲೈನಿನಲ್ಲಿ ವಾಸವಿದ್ದು ಕಾಫಿ ಪಿಕ್ಕಿಂಗ್ ಮಾಡುವ ಅನ್ನಮ್ಮ. ಹತ್ತು ಸೂಚಕರಲ್ಲಿ ಆಕೆಯೂ ಒಬ್ಬಳು. ಆಕೆಯ ಕ್ರಮ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತ್ತು. ಅದನ್ನು ತಿದ್ದಿಸುತ್ತ ನಾನು ಕೇಳಿದೆ, "ನೀವೇ ಸಹಿ ಹಾಕಿದ್ದಾ?"

"ನಾನೇ ಮೇಡಮ್ಮೋರೆ. ಅದೆಂಥದ್ದು ಕೋಳಿ ಕೆದಕಿದಂಗೆ ಅದೆ ಅಂತ ನೋಡ್ತಿದ್ದೀರಾ?"

"ಅಲ್ಲ. ಹತ್ತು ಜನದಲ್ಲಿ ಹೆಂಗಸು ನೀವೊಬ್ಬರೇ."

ಆಕೆ ಕುರಿಯನ್ ಕಡೆ ಕೈ ತೋರಿಸಿದಳು. "ನಮ್ ರೈಟ್ರ ಪಕ್ಷದಾಗೆ ಹೆಂಗಸ್ರು ನಿಲ್ಲಂಗಿಲ್ಲ. ಒಂಬತ್ತು ಗಂಡಸ್ರು ಸಿಕ್ಕಿ ಹತ್ತನೆಯವ ಸಿಗದೆ ಹೋದ್ರೆ ಹೆಂಗಸ್ರು ಸಹಿ ಹಾಕಬಹುದು."

"ಅನ್ನಮ್ಮ, ಇಲ್ಲಿ ತಮಾಷೆ ಬೇಡ" ಎಂದರು ಕುರಿಯನ್.

"ತಮಾಷೆ ಎಲ್ಲಿ ಮಾಡ್ದೆ? ನಿಜ ಹೇಳ್ದೆ."

ಆಕೆ ಬಂದದ್ದು ಪಕ್ಷಕ್ಕಾಗಿ ಅಲ್ಲ. ಲೈನಿನ ಗೇಟಿನ ಎದುರೇ ಬ್ರಾಂದಿ ಅಂಗಡಿ. ಆಕೆಯ ಗಂಡ ಅದರ ಮೆಟ್ಟಿಲಿನ ಮೇಲೆ ಬಿದ್ದು ತೀರಿಕೊಂಡಿದ್ದ. ಅಂಗಡಿ ತೆಗೆಸಿ ಎಂದು ಕೊಟ್ಟ ಅರ್ಜಿಗಳಿಗೆ ಯಾವ ಪಕ್ಷದವರೂ ಬೆಲೆ ಕೊಟ್ಟಿರಲಿಲ್ಲ. ಕುರಿಯನ್ ಒಬ್ಬರೇ ಅದನ್ನು ಅಚ್ಚು ಹಾಕಿಸಿ ಹಂಚಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾಮಪತ್ರ ಕೊಟ್ಟ ಮೇಲೆ ಅಭ್ಯರ್ಥಿ ಚುನಾವಣಾಧಿಕಾರಿಯ ಮುಂದೆ ನಿಂತು, ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂದು ಗಟ್ಟಿಯಾಗಿ ಓದಿ ಸಹಿ ಹಾಕಬೇಕು. ಅದರ ನಮೂನೆಯಲ್ಲಿ ಎರಡು ಸಾಲುಗಳಿವೆ. ಮೊದಲನೆಯದು, ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ. ಎರಡನೆಯದು, ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ. ಬೇಡದ ಸಾಲನ್ನು ಅಭ್ಯರ್ಥಿ ಹೊಡೆದು ಹಾಕಬೇಕು. ಕೊನೆಯ ದಿನದ ಗದ್ದಲದಲ್ಲಿ ಇದಕ್ಕೆಲ್ಲ ಹೊತ್ತು ಹೋಗುತ್ತದೆ. ಹಾಗಾಗಿ ನಾನು ಒಂದು ಕ್ರಮ ಮಾಡಿಕೊಂಡಿದ್ದೆ. ಹಿಂದಿನ ದಿನವೇ ಒಬ್ಬೊಬ್ಬರ ಹೆಸರಿಗೂ ನಮೂನೆ ತುಂಬಿ, ಸ್ಕೇಲು ಹಿಡಿದು ಕೆಂಪು ಗೆರೆ ಎಳೆದು ಇಡುತ್ತಿದ್ದೆ. ಕೆಂಬಾವುಟದ ಕಾಮ್ರೇಡ್ ಒಬ್ಬರಿಗೆ ಮಾತ್ರ ಮೊದಲ ಸಾಲಿಗೆ ಗೆರೆ, ಉಳಿದವರಿಗೆಲ್ಲ ಎರಡನೆಯದಕ್ಕೆ. ಹಲವು ಚುನಾವಣೆ ಹೀಗೇ ನಡೆದಿತ್ತು, ಯಾರೂ ಏನೂ ಅಂದಿರಲಿಲ್ಲ. ಕುರಿಯನ್ ಅರ್ಜಿ ನಮೂನೆ ಒಯ್ದ ದಿನವೇ ಅವರ ಪಕ್ಷ ಯಾವುದೆಂದು ಗೊತ್ತಿತ್ತಲ್ಲ, ದೇವರನ್ನೇ ಮುಂದಿಟ್ಟುಕೊಂಡ ಪಕ್ಷ. ಎರಡನೇ ಸಾಲಿಗೆ ಗೆರೆ ಎಳೆಯಲು ನಾನು ಅರೆ ಕ್ಷಣವೂ ಯೋಚಿಸಲಿಲ್ಲ.

ಕುರಿಯನ್ ನಮೂನೆ ಹಿಡಿದು ಎದ್ದು ನಿಂತರು. ಕನ್ನಡಕ ಸರಿಪಡಿಸಿಕೊಂಡು ತಮ್ಮ ಹೆಸರು ಓದಿದರು. ಅಲ್ಲಿಗೆ ನಿಂತುಬಿಟ್ಟರು.

"ಓದಿ" ಎಂದರು ಚುನಾವಣಾಧಿಕಾರಿ. ಅವರು ಉಪವಿಭಾಗಾಧಿಕಾರಿ, ಹೊರ ಜಿಲ್ಲೆಯಿಂದ ಬಂದು ಆರು ತಿಂಗಳಾಗಿತ್ತು. ಒಳ್ಳೆಯ ಅಧಿಕಾರಿ, ಆದರೆ ಅಂದು ಬೆಳಗಿನಿಂದ ನೀರು ಕುಡಿಯಲೂ ಬಿಡುವಾಗಿರಲಿಲ್ಲ.

"ಇದು ನಾನು ಓದೋದಿಲ್ಲ ಸಾರ್."

"ಯಾಕೆ?"

"ದೇವರ ಹೆಸರು ಹಿಡಿದು ಆಣೆ ಇಡಬಾರದು ಅಂತ ನಮಗೆ ಉಂಟು. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಅದರ ಮೇಲೆ ಬೇರೆ ಬೇಡ."

ಕೋಣೆಯಲ್ಲಿ ಕೂತಿದ್ದ ಇನ್ನೊಬ್ಬ ಅಭ್ಯರ್ಥಿಯ ಕಡೆಯವರು ಕಿಸಕ್ಕನೆ ನಕ್ಕರು. ಒಬ್ಬರು, "ರೈಟ್ರೇ, ದೇವ್ರ ಪಕ್ಷ ಅಂತೀರಿ, ದೇವ್ರ ಹೆಸ್ರು ಹೇಳೋಕೆ ನಾಚಿಕೆನಾ? ಯಾರು ಕಳ್ಸಿದ್ದು ನಿಮ್ಮನ್ನ, ಓಟು ಒಡೆಯೋಕೆ?" ಎಂದರು. ನಾನೂ ಸುಮ್ಮನಿರಲಿಲ್ಲ. "ದೇವರನ್ನು ನಂಬುವವರೇ ಹೀಗಂದರೆ ಹೇಗೆ?" ಎಂದುಬಿಟ್ಟೆ. ಐದನೆಯ ಅಂಶದ ಕಹಿ ನನ್ನ ನಾಲಿಗೆಯ ಮೇಲೆ ಇನ್ನೂ ಇತ್ತು ಎಂದು ಈಗ ಅನ್ನಿಸುತ್ತದೆ.

ಎರಡು ಐವತ್ತು. ಹೊರಗೆ ಡೋಲು. ಅಧಿಕಾರಿಗಳು, "ಆಯ್ತು, ನಾಳೆ ಪರಿಶೀಲನೆಗೆ ಮೊದಲು ನೋಡೋಣ. ಮುಂದಿನವರು ಬನ್ನಿ" ಎಂದರು. ಕುರಿಯನ್ ವಾದ ಮಾಡಲಿಲ್ಲ. ಸರ್ಕಾರದ ಕಾಗದದಲ್ಲಿ ಹಾಗೆ ಅಚ್ಚಾಗಿದೆ, ಗೆರೆಯೂ ಎಳೆದಿದೆ ಎಂದರೆ ಕಾನೂನೇ ಹಾಗೆ ಎಂದುಕೊಂಡಿರಬೇಕು. ನಮೂನೆಯನ್ನು ಮಡಿಸದೆ ನನ್ನ ಮೇಜಿನ ಮೇಲೆ ಇಟ್ಟು, ರಸೀದಿಯನ್ನು ಕವರಿಗೆ ಹಾಕಿಕೊಂಡು ಹೊರಟರು. "ಬನ್ನಿ ರೈಟ್ರೇ, ಮೂರು ಹತ್ತರ ಬಸ್ಸು ಹೋಯ್ತದೆ" ಎಂಬ ಅನ್ನಮ್ಮನ ಮಾತು ಕಾರಿಡಾರಿನಲ್ಲಿ ಕೇಳಿಸಿತು.

ಮೂರಕ್ಕೆ ಬಾಗಿಲು ಮುಚ್ಚಿತು. ನನ್ನ ಪದ್ಧತಿಯಂತೆ ಪ್ರತಿ ಫೈಲನ್ನೂ ತಪಾಸಣಾ ಪಟ್ಟಿಯೊಂದಿಗೆ ತಾಳೆ ನೋಡುತ್ತ ಬಂದೆ. ಕುರಿಯನ್ ಅವರ ಅಫಿಡವಿಟ್ ಎತ್ತಿಕೊಂಡೆ. ಅದರಲ್ಲಿ ನೋಟರಿಯ ಎದುರೇ ಒಂದು ಪದ ಹೊಡೆದು ಬದಿಗೆ ಚಿಕ್ಕ ಸಹಿ ಹಾಕಿಸಿದ್ದರು. ಮಧ್ಯಾಹ್ನ ಆ ಸಹಿ ಸರಿಯಿದೆಯೇ ಎಂದಷ್ಟೇ ನೋಡಿದ್ದೆ. ಹೊಡೆದ ಪದ ಯಾವುದೆಂದು ಈಗ ಓದಿದೆ. ಪ್ರಮಾಣ. ಉಳಿಸಿಕೊಂಡದ್ದು, ದೃಢೀಕರಿಸುತ್ತೇನೆ. ಪಕ್ಕದಲ್ಲೇ ಅವರು ಓದದೆ ಬಿಟ್ಟ ನಮೂನೆ ಇತ್ತು. ಅವರಿಗೆ ಬೇಕಾಗಿದ್ದ ಸಾಲು ಅಲ್ಲೇ ಇತ್ತು. ಅದರ ಮೇಲೆ ನನ್ನ ಕೆಂಪು ಗೆರೆ ಇತ್ತು.

ಇನ್ನೊಂದು ವಿಷಯ ಆಗಲೇ ಹೊಳೆಯಿತು. ಈ ಪ್ರಮಾಣ ಪರಿಶೀಲನೆಯ ದಿನಕ್ಕಿಂತ ಮೊದಲೇ ಆಗಿರಬೇಕು. ಪರಿಶೀಲನೆಯ ದಿನ ಬೆಳಿಗ್ಗೆ ಮಾಡಿದರೂ ನಡೆಯುವುದಿಲ್ಲ. ಅಂದರೆ ಅಧಿಕಾರಿಗಳು ನಾಳೆ ಎಂದದ್ದು ತಪ್ಪು, ಪಕ್ಕದಲ್ಲೇ ಕೂತು ಅದನ್ನು ಸರಿಪಡಿಸದೆ ಇದ್ದದ್ದು ನನ್ನ ತಪ್ಪು. ಇವತ್ತು ಆಗದಿದ್ದರೆ ಕುರಿಯನ್ ನಾಮಪತ್ರ ತಿರಸ್ಕೃತ. ಹತ್ತು ಸಹಿ, ಅಚ್ಚು ಹಾಕಿಸಿದ ಕರಪತ್ರ, ಆ ಹೆಂಗಸಿನ ಅರ್ಜಿ, ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು.

ಅಧಿಕಾರಿಗಳಿಗೆ ಹೇಳಿದೆ. ಅವರು ತಲೆ ಹಿಡಿದುಕೊಂಡರು. ಪಕ್ಕದಲ್ಲಿದ್ದ ಸಹೋದ್ಯೋಗಿ ಒಬ್ಬರು ನಿಧಾನವಾಗಿ, "ಮೇಡಂ, ಅವರನ್ನು ಬಿಟ್ಟರೆ ಹದಿನೈದು ಜನ. ನೋಟಾ ಸೇರಿ ಹದಿನಾರು. ಒಂದೇ ಯಂತ್ರದಲ್ಲಿ ಮುಗಿಯುತ್ತದೆ" ಎಂದರು. ಈ ಮಾತಿನ ತೂಕ ನಮ್ಮ ಶಾಖೆಯವರಿಗೆ ಮಾತ್ರ ಗೊತ್ತಾಗುತ್ತದೆ. ಮತಯಂತ್ರದ ಒಂದು ಘಟಕದಲ್ಲಿ ಹದಿನಾರು ಗುಂಡಿಗಳು. ಹದಿನೇಳನೆಯ ಹೆಸರು ಬಂದರೆ ಕ್ಷೇತ್ರದ ಪ್ರತಿ ಮತಗಟ್ಟೆಗೂ ಎರಡನೇ ಘಟಕ ಬೇಕು. ಮತ್ತೆ ತಪಾಸಣೆ, ಮತ್ತೆ ಸೀಲು, ಬೆಟ್ಟ ಹತ್ತಿ ಇಳಿಯುವ ಸಿಬ್ಬಂದಿಯ ಹೆಗಲಿಗೆ ಇನ್ನೊಂದು ಪೆಟ್ಟಿಗೆ. ಯಾರೂ ಕೆಟ್ಟದ್ದು ಮಾಡಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

ಸೋಮವಾರಪೇಟೆಯ ತಹಶೀಲ್ದಾರ್ ಮಂದಣ್ಣನವರು ಆ ಸಂಜೆ ಅಲ್ಲೇ ಇದ್ದರು. ಅವರು ಸಹಾಯಕ ಚುನಾವಣಾಧಿಕಾರಿ, ಪ್ರಮಾಣ ಬೋಧಿಸುವ ಅಧಿಕಾರ ಅವರಿಗೂ ಇತ್ತು. ನಾನು ಗುಮಾಸ್ತೆಯಾಗಿದ್ದಾಗ ಕೆಲಸ ಕಲಿಸಿದವರು ಅವರೇ. ಅರ್ಜಿ ತಂದವರನ್ನು ಕೇಳಿ ಬರೆಯಬೇಕು, ನೋಡಿ ಬರೆಯಬಾರದು ಎಂದು ಹತ್ತಾರು ಸಲ ಹೇಳಿದ್ದವರು. ನಮೂನೆಯನ್ನು ಅವರ ಮುಂದೆ ಇಟ್ಟೆ.

"ಈ ಗೆರೆ ಅವರು ಎಳೆದದ್ದಾ, ನೀವು ಎಳೆದದ್ದಾ?"

"ನಾನು ಸರ್."

"ಕೇಳಿದ್ರಾ?"

"ಇಲ್ಲ ಸರ್."

"ಎಂಥ ಮಾರಾಯ್ರೆ ನೀವು" ಎಂದು ಅವರು ಎದ್ದರು. "ಫೋನ್ ಮಾಡಿ."

ಮಾಡಿದೆ. ಬಸ್ಸಿನ ದಾರಿಯಲ್ಲಿ ಸಿಗ್ನಲ್ ಇಲ್ಲ. ಮಂದಣ್ಣನವರು ಅಧಿಕಾರಿಗಳ ಒಪ್ಪಿಗೆ ಪಡೆದು ಬಂದರು. "ಅಭ್ಯರ್ಥಿಯ ಮನೆಗೆ ನಾವು ಹೋಗೋದಿಲ್ಲ, ಅದು ಸರಿಯಲ್ಲ. ಸೋಮವಾರಪೇಟೆಯಲ್ಲಿ ಬಸ್ಸು ಬದಲಿಸಬೇಕಲ್ಲ, ಅಲ್ಲಿ ಹಿಡಿಯುವ. ನನ್ನ ಕಚೇರಿಗೆ ಅವರು ಬರಲಿ. ವಿಡಿಯೊದವರನ್ನೂ ಹತ್ತಿಸಿಕೊಳ್ಳಿ, ನಾಳೆ ಯಾರಾದರೂ ಕೇಳ್ತಾರೆ." ಮೂರು ಮುಕ್ಕಾಲಿಗೆ ಜೀಪು ಹೊರಟಿತು. ಮಾದಾಪುರದವರೆಗಿನ ತಿರುವುಗಳಲ್ಲಿ ನಾನು ಹೊಸ ನಮೂನೆಯೊಂದನ್ನು ಮಡಿಲಲ್ಲಿ ಹಿಡಿದುಕೊಂಡಿದ್ದೆ. ಗೆರೆ ಎಳೆಯದ ನಮೂನೆ.

ಸೋಮವಾರ ಸೋಮವಾರಪೇಟೆಯಲ್ಲಿ ಸಂತೆ. ಐದಕ್ಕೆ ಐದು ನಿಮಿಷವಿದ್ದಾಗ ತಲುಪಿದೆವು. ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ಮಡಿಕೇರಿಯ ಬಸ್ಸು ಬಂದು ನಿಂತು ಖಾಲಿಯಾಗಿತ್ತು. ಕುರಿಯನ್ ಕಾಣಲಿಲ್ಲ. ನಾನು ಸಂತೆಯೊಳಗೆ ನುಗ್ಗಿದೆ. ಒಣಮೀನಿನ ಸಾಲಿನಲ್ಲಿ ಅನ್ನಮ್ಮನ ಧ್ವನಿ ಕೇಳಿಸಿತು. ಮೀನಿನವನೊಂದಿಗೆ ಚೌಕಾಸಿ ನಡೆದಿತ್ತು.

"ಅನ್ನಮ್ಮಾ, ರೈಟ್ರೆಲ್ಲಿ?"

ಆಕೆ ತಿರುಗಿ ನೋಡಿ ಬಾಯಿ ತೆರೆದಳು. "ಅಯ್ಯೋ ಮೇಡಮ್ಮೋರೆ, ಮೀನಿಗೂ ನಾಮಪತ್ರ ಬೇಕಾ?"

ಅವರು ಒಂದು ಅಂಗಡಿಯ ಜಗಲಿಯಲ್ಲಿ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಎದುರಿಗೆ ನಿಂತು ಉಸಿರು ಬಿಡದೆ ಹೇಳಿದೆ. ಎರಡು ಸಾಲಿದೆ, ಎರಡನೆಯದು ನಿಮಗೆ ಒಪ್ಪಿಗೆಯಾಗುತ್ತದೆ, ಇವತ್ತೇ ಆಗಬೇಕು, ನಾಳೆ ಆದರೆ ನಾಮಪತ್ರ ಹೋಗುತ್ತದೆ. ಹೊಸ ನಮೂನೆ ಕೊಟ್ಟೆ. ಅವರು ಎರಡು ಸಾಲನ್ನೂ ಬೆರಳಿಟ್ಟು ಓದಿದರು.

"ಮಧ್ಯಾಹ್ನ ಇದು ಇರಲಿಲ್ಲ ಅಲ್ಲವಾ?"

"ಇತ್ತು. ನಾನು ಹೊಡೆದು ಹಾಕಿದ್ದೆ."

"ಯಾಕೆ?"

"ನೀವು ಇಂಥವರು ಅಂತ ನಾನೇ ತೀರ್ಮಾನ ಮಾಡಿಕೊಂಡೆ."

ಅವರು ನಮೂನೆಯನ್ನು ಕವರಿಗೆ ಹಾಕಿಕೊಂಡರು. ಅವರ ಬಸ್ಸು ಬಂದು ಹಾರ್ನ್ ಹೊಡೆಯಿತು. ಅದು ಹೋದರೆ ಮುಂದಿನದಕ್ಕೆ ಒಂದೂವರೆ ಗಂಟೆ. ಕುರಿಯನ್ ಎದ್ದರು. ಬಸ್ಸಿನ ಕಡೆ ಹೋಗಲಿಲ್ಲ.

"ಜೀಪಲ್ಲಿ ಬನ್ನಿ" ಎಂದೆ.

"ಬೇಡ. ನಾನು ಜೀಪು ಹತ್ತಿದ್ರೆ ಕುರಿಯನ್ ಸರ್ಕಾರದ ಕಡೆಗೆ ಹೋದ ಅಂತ ಸಂತೆ ಪೂರ್ತಿ ಹೇಳ್ತಾರೆ. ನಡೆದು ಬರ್ತೇನೆ."

ನಾನೂ ನಡೆದೆ. ಹಿಂದೆ ಜೀಪು ಮೆಲ್ಲಗೆ ಬರುತ್ತಿತ್ತು. ಜನ ನಿಂತು ನೋಡುತ್ತಿದ್ದರು. ಆ ಹೊತ್ತಿನಲ್ಲಿ ಕೇಳಬಾರದ ಪ್ರಶ್ನೆ, ಆದರೂ ಕೇಳಿದೆ. "ನಿಮ್ಮ ಕರಪತ್ರದ ಐದನೇ ಅಂಶ ಓದಿದ್ದೇನೆ. ಹೆಂಗಸಿನ ಕೈಗೆ ನಾಮಪತ್ರ ಕೊಡಲು ನಿಮಗೆ ಕಷ್ಟ ಆಗಲಿಲ್ಲವೇ?"

"ಕಾನೂನು ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದೆ. ಕಾನೂನಿಗೆ ನಾನು ಮರ್ಯಾದೆ ಕೊಡ್ತೇನೆ. ಅದು ಬೇರೆ, ನಮ್ಮ ನಂಬಿಕೆ ಬೇರೆ."

ಹಿಂದಿನಿಂದ ಅನ್ನಮ್ಮ, "ಮರ್ಯಾದೆ ಕೊಡದೆ ಏನ್ ಮಾಡ್ತಾರೆ? ಎಸ್ಟೇಟಲ್ಲಿ ಹಾಜ್ರಿ ಬರೆಯೋವಾಗ ಗಂಡಸ್ರು ಮುಂದಾಳು. ಗಿಡದ ಮುಂದೆ ನಿಂತೋರೆಲ್ಲ ನಾವೇಯ" ಎಂದಳು.

ಕುರಿಯನ್ ಮೊದಲ ಸಲ ಸ್ವಲ್ಪ ನಕ್ಕರು. ಒಪ್ಪಲಿಲ್ಲ, ನಕ್ಕರು ಅಷ್ಟೆ.

ತಾಲ್ಲೂಕು ಕಚೇರಿಯಲ್ಲಿ ಮಂದಣ್ಣನವರು ಎದ್ದು ನಿಂತು ಬರಮಾಡಿಕೊಂಡರು. ಪೆನ್ನನ್ನು ಕುರಿಯನ್ ಕೈಗೇ ಕೊಟ್ಟರು. ಅವರು ಮೊದಲ ಸಾಲಿಗೆ ತಾವೇ ಗೆರೆ ಎಳೆದು, ಎರಡನೆಯದನ್ನು ನಿಧಾನವಾಗಿ, ಹಾಜರಿ ಕೂಗುವಂತೆ ಪದ ಪದ ಬಿಡಿಸಿ ಓದಿದರು. ಸಂಜೆ ಐದು ಗಂಟೆ ಮೂವತ್ತೆರಡು ನಿಮಿಷ ಎಂದು ಪ್ರಮಾಣಪತ್ರದಲ್ಲಿ ಬರೆದೆವು. ಹೊರಗೆ ಬಂದಾಗ ಮಂದಣ್ಣನವರು ನನಗೆ, "ಇವತ್ತೇ ಬರೆದಿಡಿ. ಬಾಯಲ್ಲಿ ಹೇಳಿದ್ದು ಫೈಲಿನಲ್ಲಿ ಇರೋದಿಲ್ಲ" ಎಂದರು.

ಮರುದಿನ ಪರಿಶೀಲನೆಯಲ್ಲಿ ಅವರು ಎಣಿಸಿದಂತೆಯೇ ಆಯಿತು. ದೊಡ್ಡ ಪಕ್ಷವೊಂದರ ವಕೀಲರು ಎದ್ದರು. "ಇಡೀ ಆಡಳಿತ ಒಬ್ಬ ಅಭ್ಯರ್ಥಿಯ ಬೆನ್ನು ಹತ್ತಿ ಜೀಪಿನಲ್ಲಿ ಹೋಗಿದೆ. ನಮ್ಮವರಿಗೆ ಹೀಗೆ ಹೋಗಿತ್ತಾ? ಇದು ಪಕ್ಷಪಾತ." ಪ್ರಶ್ನೆ ನ್ಯಾಯವಾದದ್ದೇ. ನಾನು ಬೇರೊಬ್ಬರ ಬಾಯಿಂದ ಅದನ್ನು ಕೇಳಿದ್ದರೆ ತಲೆದೂಗುತ್ತಿದ್ದೆ. ಅಧಿಕಾರಿಗಳು ನನ್ನ ಕಡೆ ನೋಡಿದರು. ಎದ್ದು ನಿಂತು ಬರೆದದ್ದನ್ನು ಓದಿದೆ. ಅಭ್ಯರ್ಥಿಯನ್ನು ಕೇಳದೆ ನಮೂನೆಯ ಎರಡನೇ ಸಾಲನ್ನು ಹೊಡೆದವಳು ನಾನು, ಪ್ರಮಾಣ ನಿಂತದ್ದು ಅದರಿಂದ, ಪ್ರಮಾಣದ ಕೊನೆಯ ದಿನವನ್ನು ಅವರಿಗೆ ತಿಳಿಸದೆ ಇದ್ದವಳೂ ನಾನು. ಕಚೇರಿ ಹೋದದ್ದು ಅಭ್ಯರ್ಥಿಯ ತಪ್ಪು ಸರಿಪಡಿಸಲು ಅಲ್ಲ, ತನ್ನದನ್ನು. ಕೋಣೆಯಲ್ಲಿ ಹದಿನಾರು ಕಡೆಯ ಜನ ಇದ್ದರು. ಹಾಸ್ಟೆಲಿನಲ್ಲಿ ಓರೆಯಾದ ರಿಬ್ಬನ್ನಿಗಾಗಿ ಸಾಲಿನ ಮುಂದೆ ನಿಂತದ್ದಕ್ಕಿಂತ ಅದು ಕಷ್ಟವಾಗಿತ್ತು. ವಿಡಿಯೊ ನೋಡಿದರು. ನಾಮಪತ್ರ ಅಂಗೀಕಾರವಾಯಿತು.

ನನಗೆ ಕಾರಣ ಕೇಳಿ ಜ್ಞಾಪನ ಬಂತು. ಉತ್ತರ ಕೊಟ್ಟೆ. ಎಚ್ಚರಿಕೆಯೊಂದಿಗೆ ಮುಗಿಯಿತು. ಹಿಂತೆಗೆದುಕೊಳ್ಳುವ ದಿನ ಯಾರಾದರೂ ಒಬ್ಬರು ಹಿಂದೆ ಸರಿದಾರು ಎಂದು ಶಾಖೆಯವರೆಲ್ಲ ಮೂರು ಗಂಟೆಯವರೆಗೆ ಬಾಗಿಲು ನೋಡುತ್ತ ಕೂತಿದ್ದರು. ಯಾರೂ ಸರಿಯಲಿಲ್ಲ. ಕುರಿಯನ್ ಹತ್ತಿರ ಎರಡು ದೊಡ್ಡ ಪಕ್ಷದವರೂ ಹೋಗಿ ಬಂದಿದ್ದರಂತೆ. ಎಲ್ಲ ಮತಗಟ್ಟೆಗೂ ಎರಡನೇ ಘಟಕ ಹೋಯಿತು. ಅದರಲ್ಲಿ ಇದ್ದದ್ದು ನೋಟಾ ಒಂದೇ. ಸಿಬ್ಬಂದಿ ಅದಕ್ಕೆ ರೈಟ್ರ ಪೆಟ್ಟಿಗೆ ಎಂದು ಹೆಸರಿಟ್ಟರು. ಹೊತ್ತುಕೊಂಡು ಹೋಗುವಾಗ ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ನಿಮ್ಮ ನೆಂಟರ ಪೆಟ್ಟಿಗೆ ಇದು" ಎಂದು ಹೇಳಿಯೇ ಹೋಗುತ್ತಿದ್ದರು.

ಇಂಥ ಪಕ್ಷಗಳು ಯಾಕೆ ನಿಲ್ಲುತ್ತವೆ, ಠೇವಣಿ ಕಳೆದುಕೊಳ್ಳಲಿಕ್ಕಾ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ನಾನೂ ಕೇಳುತ್ತಿದ್ದೆ. ಆ ಚುನಾವಣೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಪ್ರಚಾರದ ಮೊದಲ ವಾರ ಆ ಲೈನಿನ ಕಡೆಗೆ ಕುರಿಯನ್ ಬಿಟ್ಟರೆ ಯಾರೂ ಹೋಗಲಿಲ್ಲ. ಅವರು ಮೆಗಾಫೋನ್ ಹಿಡಿದು ಬ್ರಾಂದಿ ಅಂಗಡಿಯ ಎದುರೇ ನಿಂತು ಮಾತಾಡಿದರು. ಎರಡನೇ ವಾರ ಒಂದು ದೊಡ್ಡ ಪಕ್ಷದವರು ಬಂದು, ಅಂಗಡಿ ದೂರ ಮಾಡಿಸುತ್ತೇವೆ ಎಂದರು. ಮೂರನೇ ವಾರ ಇನ್ನೊಂದು ಪಕ್ಷದವರು ಬಂದು, ತೆಗೆಸಿಯೇ ಬಿಡುತ್ತೇವೆ ಎಂದರು. ಚುನಾವಣೆಯಾದ ಮೇಲೆ ತೆಗೆಸಲಿಲ್ಲ, ಆದರೆ ಅಂಗಡಿ ಗೇಟಿನ ಎದುರಿನಿಂದ ಮುಖ್ಯರಸ್ತೆಗೆ ಹೋಯಿತು. ಶಾಸನಸಭೆಗೆ ಕುರಿಯನ್ ಹೋಗಲಿಲ್ಲ, ಅವರ ಒಂದು ವಾಕ್ಯ ಹೋಯಿತು. ಭಾನುವಾರದ ಪರೀಕ್ಷೆಯ ಬಗ್ಗೆ, ಮುಂದಾಳುತನದ ಬಗ್ಗೆ ಅವರಾಡಿದ ವಾಕ್ಯಗಳನ್ನು ಯಾರೂ ಎತ್ತಿಕೊಳ್ಳಲಿಲ್ಲ. ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಜನ ನೋಡಿಕೊಳ್ಳುತ್ತಾರೆ. ಅದಕ್ಕೆ ಮೊದಲು ಎಲ್ಲ ವಾಕ್ಯಗಳೂ ಅವರ ಮುಂದೆ ಬರಬೇಕು. ಬರದಂತೆ ಮೇಜಿನಲ್ಲೇ ಗೆರೆ ಎಳೆಯುವ ಅಧಿಕಾರ ಶಿರಸ್ತೇದಾರಳಿಗೆ ಇಲ್ಲ.

ಕೆಲಸದ ಕ್ರಮ ಬದಲಾಯಿಸಿಕೊಂಡೆ. ಮುಂದಿನ ಚುನಾವಣೆಗಳಲ್ಲಿ ನಮೂನೆಯ ಎರಡೂ ಸಾಲು ಹಾಗೇ ಬಿಟ್ಟು, ಒಬ್ಬೊಬ್ಬರನ್ನೂ ಕೇಳುತ್ತಿದ್ದೆ. ಅಭ್ಯರ್ಥಿಗೆ ಅರ್ಧ ನಿಮಿಷ ಹೆಚ್ಚು. ಈಗ ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಿ ತರುವ ಸೌಲಭ್ಯ ಬಂದಿದೆ. ತುಂಬುವವರು ಸೈಬರ್ ಅಂಗಡಿಯವರು. ಅವರೂ ಮುಖ ನೋಡಿ ಆರಿಸುತ್ತಾರೆ ಎಂದು ಕೇಳಿದ್ದೇನೆ. ದಯವಿಟ್ಟು ನೀವು ಮತ್ತೊಮ್ಮೆ ಕೇಳಿ.

ಕೊನೆಗೆ ಎಣಿಕೆಯ ದಿನದ ಮಾತು. ಕುರಿಯನ್‌ಗೆ ಎಣಿಕೆ ಏಜೆಂಟ್ ಆಗಿ ಬರಲು ಅನ್ನಮ್ಮನ ಹೊರತು ಯಾರೂ ಇರಲಿಲ್ಲ. ಜಾಲರಿಯ ಆಚೆ ಇಬ್ಬರೂ ಅಕ್ಕಪಕ್ಕ ಕೂತು, ನಾವು ಹೇಳಿದ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದರು. ಗೆದ್ದವರ ಅಂತರ ದೊಡ್ಡದಿತ್ತು. ಕುರಿಯನ್ ಪಡೆದ ಮತಗಳು ಯಾರನ್ನೂ ಗೆಲ್ಲಿಸಲಿಲ್ಲ, ಯಾರನ್ನೂ ಸೋಲಿಸಲಿಲ್ಲ. ಅವರು ಅದಕ್ಕೆ ಬೇಸರಪಟ್ಟಂತೆ ಕಾಣಲಿಲ್ಲ. ಅವರು ಕಾಯುತ್ತಿದ್ದದ್ದು ತಮ್ಮ ಲೈನಿನ ಮತಗಟ್ಟೆಗೆ. ಆ ಯಂತ್ರ ನನ್ನ ಮೇಜಿಗೇ ಬಂತು. ಅಂಕಿ ತೋರಿಸಿದೆವು. ಹನ್ನೊಂದು.

ಕುರಿಯನ್ ಬೆರಳು ಮಡಚಿ ಎಣಿಸಿದರು. "ಸೂಚಕರು ಹತ್ತು, ಎಲ್ಲ ಇದೇ ಮತಗಟ್ಟೆಯವರು. ನಾನು, ನನ್ನ ಹೆಂಡತಿ. ಹನ್ನೆರಡು ಬರಬೇಕಿತ್ತು."

ಅನ್ನಮ್ಮ ಹನ್ನೊಂದು ಎಂದು ಬರೆದು, ತಲೆ ಎತ್ತದೆ ಹೇಳಿದಳು, "ನನ್ನ ಯಾಕೆ ನೋಡ್ತೀರಿ ರೈಟ್ರೇ? ಸಹಿ ಹಾಕಿದ್ದು ನೀವು ನಿಲ್ಲಲಿ ಅಂತ. ಓಟು ಹಾಕ್ತೀನಿ ಅಂತ ನಾನು ಎಲ್ಲಿ ಹೇಳಿದ್ದೆ?"

ನಾನು ಓರೆಯಾದ ಸೀಲನ್ನು ನೋಡುವವಳಂತೆ ಯಂತ್ರದ ಕಡೆ ಬಗ್ಗಿದೆ. ಮತ ಗುಪ್ತವಾದದ್ದು, ಇಂಥ ಮಾತನ್ನು ಎಣಿಕೆ ಕೋಣೆಯಲ್ಲಿ ನಿಲ್ಲಿಸುವುದು ನನ್ನ ಕೆಲಸವಾಗಿತ್ತು. ನಿಲ್ಲಿಸಲಿಲ್ಲ. ನನ್ನ ಮತ ಆ ಕ್ಷೇತ್ರದಲ್ಲಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಅವರಿಗಾಗಿ ಜೀಪಿನಲ್ಲಿ ಓಡುತ್ತಿದ್ದೆ, ಅವರಿಗೆ ಮತ ಹಾಕುತ್ತಿರಲಿಲ್ಲ.

ಕುರಿಯನ್ ಮಡಚಿದ್ದ ಬೆರಳುಗಳನ್ನು ಬಿಡಿಸಿದರು. "ಇಲ್ಲ, ಹೇಳಿರಲಿಲ್ಲ" ಎಂದರು ಆಮೇಲೆ. ಪೆನ್ನಿನ ಟೋಪಿ ತೆಗೆದು, ಮುಂದಿನ ಮತಗಟ್ಟೆಯ ಸಂಖ್ಯೆ ಬರೆದುಕೊಂಡು, "ಓದಿ ಮೇಡಂ, ನಾವು ಬರೀತೇವೆ" ಎಂದರು.